ಗ್ರ್ಯಾನಿ ಡಾಲಿಯ ಉಪ್ಪು, ನನ್ನ ಮೆಣಸಿನಕಾಯಿ

ಕಳೆದ ಶನಿವಾರ ಮಧ್ಯಾಹ್ನ, ಹೂಸ್ಟನ್ನಿನ ಒಂದು ಹಾಲ್‌ನಲ್ಲಿ, ಸಿನಿಮಾ ನಡೆಯುತ್ತಿರುವಾಗಲೇ ನಾನು ಎದ್ದು ನಿಂತುಬಿಟ್ಟೆ.

ಹಿಂದಿನ ಸಾಲಿನಿಂದ ಯಾರೋ “ಮ್ಯಾಮ್, ಪ್ಲೀಸ್ ಸಿಟ್” ಎಂದರು. ಮಗಳು ಸೆರಗು ಹಿಡಿದು ಜಗ್ಗಿದಳು. ಅಳಿಯಂದಿರು ತಲೆ ತಗ್ಗಿಸಿ ತಮ್ಮ ಬೂಟು ನೋಡತೊಡಗಿದರು. ನಾನು ಕೂರಲಿಲ್ಲ. ಕೂರಬಾರದು ಎಂಬ ಹಟವಲ್ಲ. ಕಾಲು ಮಾತು ಕೇಳಬೇಕಲ್ಲ?

ಎಪ್ಪತ್ತೆರಡು ವರ್ಷದಲ್ಲಿ ನಾನು ಇಷ್ಟು ಬೆಚ್ಚಿಬಿದ್ದದ್ದು ಎರಡೇ ಸಲ. ಒಮ್ಮೆ ಡಲ್ಲಾಸ್ ಪಕ್ಕದ ಫ್ರಿಸ್ಕೋದ ನಮ್ಮ ಮನೆಯ ಮುಂದೆ ಬೆಂಕಿ ಆರಿಸುವ ಲಾರಿ ಬಂದು ನಿಂತಾಗ. ಇನ್ನೊಮ್ಮೆ ಇದು. ಎರಡಕ್ಕೂ ಕಾರಣ ಒಂದೇ ಎಂದರೆ ನಂಬುತ್ತೀರಾ? ಮೊದಲಿನಿಂದ ಹೇಳುತ್ತೇನೆ.

ನನ್ನ ವಿಷಯ ನಿಮಗೆ ಗೊತ್ತಿದ್ದದ್ದೇ. ಕಲಿತದ್ದು ನಾಲ್ಕನೆಯ ಇಯತ್ತೆ. ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸಿದವಳು. ರೊಟ್ಟಿ ಬಡಿದ ಕೈಯಲ್ಲೇ ಪೆನ್ನು ಹಿಡಿದು ವಾರಕ್ಕೊಮ್ಮೆ ನಿಮ್ಮ ಮುಂದೆ ಬರುತ್ತೇನೆ. ನನ್ನ ಒತ್ತಕ್ಷರ ತಿದ್ದುವ ಪುಣ್ಯದ ಕೆಲಸ ಸಂಪಾದಕರದು. (ಅವರಿಗೆ ಆಗಾಗ ಶೇಂಗಾ ಚಟ್ನಿ ಕಳಿಸುತ್ತಿರುತ್ತೇನೆ, ಅದು ಬೇರೆ ಮಾತು.)

ಮೊಮ್ಮಗಳು ತನ್ವಿಯೂ ನಿಮಗೆ ಹೊಸಬಳಲ್ಲ. ಹದಿನೇಳು ವರ್ಷ, ಹೈಸ್ಕೂಲು. ಕನ್ನಡದಲ್ಲಿ ಹೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆ ಹುಡುಗಿ ಸಿನಿಮಾ ಮಾಡಿದ್ದಾಳೆ. ಇನ್ನೊಮ್ಮೆ ಬರೆಯಲೇ? ನನ್ನ ಮೊಮ್ಮಗಳು ಸಿನಿಮಾ ಮಾಡಿದ್ದಾಳೆ. ಈ ಸುದ್ದಿಯನ್ನು ಇರ್ವಿಂಗಿನ ಕಿರಾಣಿ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಆಕೆ ಗುಜರಾತಿ. ನಾನು ಹೇಳಿದ್ದು ಕನ್ನಡದಲ್ಲಿ. ಆದರೂ ಆಕೆ ನಕ್ಕಳು. ಅಷ್ಟು ಸಾಕಿತ್ತು ನನಗೆ.

ಸಿನಿಮಾ ಎಂದರೆ ಮೂರು ತಾಸಿನದಲ್ಲ. ಹನ್ನೆರಡು ನಿಮಿಷದ್ದು. ತನ್ವಿ ಮತ್ತು ಅವಳ ಕ್ಲಾಸಿನ ಗೆಳತಿ ಶನೆಲ್ ಸೇರಿ ಮಾಡಿದ್ದು. ಶನೆಲ್ ಮನೆಯವರು ಗಯಾನಾ ಎಂಬ ದೇಶದವರು. ಟೆಕ್ಸಾಸಿನಲ್ಲಿರುವ ಕೆರಿಬಿಯನ್ ಮಂದಿ ತಮ್ಮ ಹಾಡು, ಅಡುಗೆ, ಹಿರಿಯರ ಕತೆ ಮರೆತುಹೋಗಬಾರದೆಂದು ತಾವೇ ಸೇರಿ ಒಂದು ಸಿನಿಮಾ ಹಬ್ಬ ಮಾಡುತ್ತಾರೆ. ಮೊದಲು ಹೂಸ್ಟನ್, ಆಮೇಲೆ ಡಲ್ಲಾಸ್, ಕೊನೆಗೆ ಆಸ್ಟಿನ್. ನಮ್ಮ ಹುಡುಗಿಯರ ಸಿನಿಮಾ ಮೂರೂ ಊರಿಗೆ ಆಯ್ಕೆಯಾಗಿತ್ತು.

“ಕೆರಿಬಿಯನ್ ಅಂದ್ರ ಯಾವ ಕಡೆ ಬರ್ತದ?” ಎಂದು ಅಳಿಯಂದಿರನ್ನು ಕೇಳಿದೆ.

“ವೆಸ್ಟ್ ಇಂಡೀಸ್ ರೀ ಅತ್ತಿ. ಕ್ರಿಕೆಟ್ ಆಡ್ತಾರಲ್ಲ, ಅವರ ಕಡೆ.”

ನನಗೆ ಅಷ್ಟೇ ಗೊತ್ತಿದ್ದದ್ದು. ಖಾನಾವಳಿಯ ರೇಡಿಯೋದಲ್ಲಿ ಅವರ ಬೌಲರ್ ಓಡಿ ಬರುತ್ತಿದ್ದಾನೆ ಎಂದರೆ ಗಿರಾಕಿಗಳು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಆ ನಾಡಿನ ಸಿನಿಮಾ ಹಬ್ಬದಲ್ಲಿ ನನ್ನ ಮೊಮ್ಮಗಳಿಗೇನು ಕೆಲಸ? ಕೇಳಲಿಲ್ಲ. ಸಿನಿಮಾ ಮಾಡಿದ್ದಾಳಲ್ಲ, ಅದು ಮುಖ್ಯ.

ಹೂಸ್ಟನ್ನಿಗೆ ನಾಲ್ಕು ತಾಸಿನ ಮೇಲೆ ಡ್ರೈವ್. ಹಾಲ್‌ನ ಬಾಗಿಲಲ್ಲೇ ಎಣ್ಣೆಯ ಡ್ರಮ್ಮಿನಿಂದ ಮಾಡಿದ ವಾದ್ಯ ಬಾರಿಸುತ್ತಿದ್ದರು. ಕಬ್ಬಿಣದಿಂದ ಅಷ್ಟು ಮೆತ್ತಗಿನ ನಾದ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಒಂದು ಮೂಲೆಯಲ್ಲಿ ನಾಲ್ವರು ಮುದುಕರು ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಫಟ್ ಎಂದು ಹೊಡೆಯುತ್ತ ಜಗಳಾಡುತ್ತಿದ್ದರು. ನಮ್ಮ ಕಡೆ ಇಸ್ಪೀಟು ಆಡುವವರೂ ಹೀಗೇ, ಎಲೆಗೆ ಏಟು ಜಾಸ್ತಿ.

ಆಮೇಲೆ ಊಟದ ಮೇಜು. ನಿಂತಲ್ಲೇ ನಿಂತೆ. ಜೀರಿಗೆಯ ವಾಸನೆ. ಕರಿದ ಮೆತ್ತನೆಯ ವಡೆಯಂಥದ್ದರ ಮೇಲೆ ಕಾಬೂಲಿ ಕಡಲೆಯ ಪಲ್ಯ. ಪಕ್ಕದಲ್ಲಿ ಬೇಳೆ ತುಂಬಿದ ರೊಟ್ಟಿ. ಬಾಯಿಗೆ ಹಾಕಿ ನೋಡಿದೆ. ಬೆಲ್ಲ ಮರೆತ ಹೋಳಿಗೆ.

ಬಡಿಸುತ್ತಿದ್ದ ಹೆಂಗಸರ ಮುಖ ನೋಡಿದೆ. ಒಬ್ಬಾಕೆ ಕಪ್ಪು ಆಫ್ರಿಕಾದವಳು, ಇನ್ನೊಬ್ಬಾಕೆ ಚೀನಾದವಳ ಹಾಗೆ, ಮೂರನೆಯವಳು...

“ಗಿರಿಜಾ, ಈಕಿ ನಮ್ಮ ಅಣ್ಣಿಗೇರಿ ಸಕ್ಕುಬಾಯಿ ಹಂಗ ಕಾಣಸ್ತಾಳಲ್ಲ?” ಎಂದೆ ಮಗಳಿಗೆ.

“ಅವ್ವಾ, ಬಟ್ಟು ಮಾಡಿ ತೋರಸಬ್ಯಾಡ.”

ಆ ಸಕ್ಕುಬಾಯಿಯೇ ಶನೆಲ್‌ಳ ತಾಯಿ. ಆಕೆ ಹೇಳಿದ್ದನ್ನು ಗಿರಿಜಾ ನನಗೆ ಕನ್ನಡದಲ್ಲಿ ಹೇಳಿದಳು. ಬಹಳ ಹಿಂದೆ, ಬಿಳಿಯರ ಕಬ್ಬಿನ ತೋಟದಲ್ಲಿ ದುಡಿಯಲು, ಇಂಡಿಯಾದಿಂದ ಹಡಗು ತುಂಬಿ ಜನರನ್ನು ಕರೆದೊಯ್ದರಂತೆ. ಕಲ್ಕತ್ತಾದಿಂದ ಕೆಲವು ಹಡಗು, ಮದ್ರಾಸಿನಿಂದ ಕೆಲವು. ತಿಂಗಳುಗಟ್ಟಲೆ ನೀರು. ಇಳಿದವರಲ್ಲಿ ಬಹಳ ಜನ ಹಿಂದೆ ಬರಲೇ ಇಲ್ಲ. ಈಕೆಯ ಅಜ್ಜಿಯ ಅಜ್ಜಿ ಮದ್ರಾಸಿನ ಹಡಗು ಹತ್ತಿದವಳಂತೆ. ಯಾವ ಊರು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನಗೆ ಇದು ಗೊತ್ತೇ ಇರಲಿಲ್ಲ. ನಾಲ್ಕನೆಯ ಇಯತ್ತೆಯ ಪುಸ್ತಕದಲ್ಲಿ ಇರಲಿಲ್ಲ, ಸರಿ. ಎಂಜಿನಿಯರಿಂಗ್ ಓದಿದ ಅಳಿಯಂದಿರ ಪುಸ್ತಕದಲ್ಲೂ ಇರಲಿಲ್ಲವಂತೆ. ಹಾಗಾದರೆ ಯಾರ ಪುಸ್ತಕದಲ್ಲಿ ಬರೆದಿಟ್ಟಿದ್ದರು?

ಶನೆಲ್ ಬಂದು ನನ್ನ ಕೈ ಹಿಡಿದು ಮುಂದಿನ ಸಾಲಿಗೆ ಕರೆದೊಯ್ದಳು. ಅಲ್ಲಿ ಗಾಲಿ ಕುರ್ಚಿಯಲ್ಲಿ ಒಬ್ಬ ಅಜ್ಜಿ. ತಲೆಗೆ ಹೂವಿನ ಹ್ಯಾಟು, ಎರಡೂ ಕೈಗೆ ಸವೆದ ಬಂಗಾರದ ಬಳೆ, ಮೈಯಿಂದ ಲವಂಗದಂಥ ಏನೋ ಘಮ. ಶನೆಲ್‌ಳ ಅಜ್ಜಿಯ ತಾಯಿ. ತೊಂಬತ್ತೊಂದು ವರ್ಷ. ಗ್ರ್ಯಾನಿ ಡಾಲಿ ಎಂದು ಎಲ್ಲರೂ ಕರೆಯುತ್ತಾರೆ. ಇಲ್ಲೇ ಹೂಸ್ಟನ್ನಿನಲ್ಲಿ ಮಗಳ ಜೊತೆ ಇರುತ್ತಾಳೆ. ನಾನು ಕೈ ಮುಗಿದೆ. ಆಕೆ ನನ್ನ ಮುಗಿದ ಕೈಗಳನ್ನೇ ಹಿಡಿದು ಅಲುಗಾಡಿಸಿದಳು. ಎಲ್ಲಿಯವಳು ಎಂದು ಕೇಳಿಸಿದೆ. “ಜಾರ್ಜ್‌ಟೌನ್” ಎಂದಳು.

ನನಗೆ ಖುಷಿಯಾಯಿತು. “ನಮ್ಮ ಗಿರಿಜಾನ ಗೆಳತಿ ಮಂಜುಳಾನೂ ಅಲ್ಲೇ ಹೊಸ ಮನಿ ತಗೊಂಡಾಳ, ರೌಂಡ್ ರಾಕ್ ದಾಟಿದ ಮ್ಯಾಲೆ” ಎಂದೆ.

“ಅಜ್ಜಿ, ನೋ,” ತನ್ವಿ ಹಣೆ ಚಚ್ಚಿಕೊಂಡಳು. “ಡಿಫರೆಂಟ್ ಜಾರ್ಜ್‌ಟೌನ್.”

(ನಾನು ಹೇಳಿದ್ದು ಆಸ್ಟಿನ್ ಹತ್ತಿರದ್ದು, ಆಕೆಯದು ಗಯಾನಾದ ರಾಜಧಾನಿಯಂತೆ. ಬಿಳಿಯರು ಹೋದಲ್ಲೆಲ್ಲ ಅದೇ ನಾಲ್ಕು ಹೆಸರು ಇಟ್ಟರೆ ನಾನೇನು ಮಾಡಲಿ?)

ದೀಪ ಆರಿತು. ಮೊದಲು ಬೇರೆಯವರ ಎರಡು ಸಿನಿಮಾ. ಮೂರನೆಯದು ನಮ್ಮದು. ಪರದೆಯ ಮೇಲೆ ತನ್ವಿಯ ಹೆಸರು ಅಷ್ಟು ದೊಡ್ಡದಾಗಿ ಬಂದಾಗ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ ಪಕ್ಕದವರಿಗೆ ಕೇಳಿಸಿರಬೇಕು. ಚಪ್ಪಾಳೆ ತಟ್ಟಿದೆ. ಇನ್ನೂ ಶುರುವಾಗಿಲ್ಲ ಎಂದು ಗಿರಿಜಾ ಕೈ ಹಿಡಿದಳು.

ಸಿನಿಮಾದಲ್ಲಿ ಗ್ರ್ಯಾನಿ ಡಾಲಿಯೇ ನಾಯಕಿ. ಅಡುಗೆ ಮನೆಯಲ್ಲಿ ಕೂತು ತನ್ನ ಕತೆ ಹೇಳುತ್ತಾಳೆ. ಗಿರಿಜಾ ನನ್ನ ಕಿವಿಯಲ್ಲಿ ಅದನ್ನು ಕನ್ನಡ ಮಾಡುತ್ತಿದ್ದಳು.

ಗ್ರ್ಯಾನಿಗೆ ಏಳು ಮಕ್ಕಳು. ಎರಡನೆಯದು ಗಂಡು. ಒಂದು ವರ್ಷದ ಕೂಸು, ಬಹಳ ಚೆಲುವ. ಈಸ್ಟರ್ ಹಬ್ಬಕ್ಕೆ ಅವರ ಊರಲ್ಲಿ ಗಾಳಿಪಟ ಹಾರಿಸುತ್ತಾರಂತೆ. ಕೂಸಿಗೆ ಹೊಸ ಅಂಗಿ ತೊಡಿಸಿ ಬಯಲಿಗೆ ಎತ್ತಿಕೊಂಡು ಹೋದಳು. ಗಾಳಿಪಟ ಬಿಟ್ಟು ಜನ ಕೂಸನ್ನೇ ನೋಡಿದರು. ಮರುದಿನ ಜ್ವರ. ತನ್ನ ಅಜ್ಜಿ ಕಲಿಸಿದಂತೆ ಒಂದು ಕೆಲಸ ಮಾಡಿದಳು, ಅಜ್ಜಿ ಕಲಿಸಿದ ಮಾತನ್ನೂ ಅಂದಳು. ಮೂರನೆಯ ದಿನ ಕೂಸು ಹೋಯಿತು.

ಅತ್ತೆ ಅಂದಳಂತೆ: “ಅದೇನು ಮಣಮಣ ಅಂದೆ ನನ್ನ ಮೊಮ್ಮಗನ ತಲೆ ಮೇಲೆ? ಯಾವ ಭಾಷೆ ಅದು? ನಿನಗೇ ಗೊತ್ತಿಲ್ಲದ ಮಾತು. ಶಾಪ ಹಾಕಿ ಕೊಂದೆ.”

ಅಂದಿನಿಂದ ಗ್ರ್ಯಾನಿ ಆ ಮಾತು ಆಡಲಿಲ್ಲ. ಮುಂದಿನ ಐದು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಮರಿಮೊಮ್ಮಗಳು ಶನೆಲ್‌ಗೂ, ಕೈಯಿಂದ ಮಾತ್ರ ಮಾಡಿದಳು. ಬಾಯಿ ಬಿಗಿ ಹಿಡಿದು.

ನನಗೆ ಇನ್ನೂ ಹೊಳೆದಿರಲಿಲ್ಲ. ಯಾವುದೋ ದೇಶದ ಯಾವುದೋ ಮುದುಕಿಯ ದುಃಖ ಎಂದು ಕಣ್ಣೊರೆಸಿಕೊಂಡು ಕೂತಿದ್ದೆ. ಆಗ ಪರದೆಯ ಮೇಲೆ ಆಕೆ ಮುಷ್ಟಿ ತೆರೆದಳು.

ಹರಳುಪ್ಪು. ಒಣ ಮೆಣಸಿನಕಾಯಿ. ಕಸಬರಿಗೆಯ ಒಂದು ಕಡ್ಡಿ.

ಮುಂದೆ ಕೂತ ಶನೆಲ್‌ಗೆ ಬಲದಿಂದ ಮೂರು ಸುತ್ತು. ಎಡದಿಂದ ಮೂರು. ಪಾದ ಮುಟ್ಟಿಸಿ ಮೇಲೆತ್ತಿ ಥೂ, ಥೂ, ಥೂ. ಒಲೆಯ ಬೆಂಕಿಗೆ. ಕೊನೆಗೆ ಎರಡೂ ಕೈಯಿಂದ ಹುಡುಗಿಯ ಕೆನ್ನೆ ಸವರಿ, ತನ್ನ ಹಣೆಯ ಎರಡು ಬದಿಗೆ ಬೆರಳೊತ್ತಿ ಲಟಿಕೆ ಮುರಿದಳು. ಲಟಲಟ ಎಂಬ ಸದ್ದು ಇಡೀ ಹಾಲ್‌ಗೆ ಕೇಳಿಸಿತು.

ಇದನ್ನು ಪರದೆಯ ಮೇಲೆ ನೋಡಬೇಕೇ ನಾನು? ಇದು ನನ್ನ ಕೈ.

ಇಲ್ಲಿ ಬೆಂಕಿ ಲಾರಿಯ ಕತೆ ಹೇಳಲೇಬೇಕು. ಹತ್ತು ವರ್ಷದ ಹಿಂದೆ ತನ್ವಿ ಇರ್ವಿಂಗಿನಲ್ಲಿ ರಾಜ್ಯೋತ್ಸವಕ್ಕೆ ಕುಣಿದು ಬಂದಿದ್ದಳು. ಎಲ್ಲರೂ ನೋಡಿದವರೇ, ಎಲ್ಲರೂ ಹೊಗಳಿದವರೇ. ಮಗು ಊಟ ಬಿಟ್ಟಿತು. ನೆದರಾಗಿದೆ, ಅಂದರೆ ದೃಷ್ಟಿ ತಗುಲಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಸ್ಟವ್ ಮೇಲಿನ ಹಂಚಿಗೆ ಹಾಕಿದೆ. ಘಾಟು ಎದ್ದಿತು. ಘಾಟಿಗಿಂತ ಮೊದಲು ಚಾವಣಿ ಕಿರುಚಿತು, ಹೊಗೆ ಕಂಡರೆ ಕೂಗುವ ಡಬ್ಬಿ ಅಲ್ಲಿತ್ತಂತೆ. ಒಂದು ಕೋಣೆ ಕಿರುಚಿದರೆ ಎಲ್ಲ ಕೋಣೆಯೂ ಕಿರುಚುವ ಹಾಗೆ ಈ ಮನೆ ಕಟ್ಟಿದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಕೆಂಪು ಲಾರಿ. ಮೊಣಕಾಲಿನವರೆಗೆ ಬೂಟು ಹಾಕಿದ ಇಬ್ಬರು ಗಂಡಸರು ನೇರ ನನ್ನ ಅಡುಗೆ ಮನೆಗೆ ಬಂದು ಮೆಣಸಿನಕಾಯಿಯ ಮುಂದೆ ನಿಂತು ಕೆಮ್ಮಿದರು. ಓಣಿಯವರೆಲ್ಲ ಹುಲ್ಲಿನ ಮೇಲೆ ನಿಂತು ನೋಡಿದರು.

“ಅವ್ವಾ, ಇನ್ನ ಮ್ಯಾಲೆ ಈ ಹೊಗಿ ಗಿಗಿ ಬ್ಯಾಡ” ಎಂದಳು ಗಿರಿಜಾ.

ಬೇಡ ಎಂದರೆ ಬೇಡ. ಬಿಟ್ಟುಬಿಟ್ಟೆ. ಆಗ ತನ್ವಿಗೆ ಏಳು ವರ್ಷ. ಆಕೆಗೆ ನೆನಪಿರುವುದು ಲಾರಿಯ ಕೆಂಪು ದೀಪ ಮಾತ್ರ.

ಈಗ ಪರದೆಗೆ ಬನ್ನಿ. ಗ್ರ್ಯಾನಿ ಕ್ಯಾಮೆರಾ ನೋಡಿ ಹೇಳುತ್ತಾಳೆ: “ಅರವತ್ತು ವರ್ಷದ ಮೇಲಾಯಿತು ಈ ಮಾತು ಆಡಿ. ಈ ಮಕ್ಕಳು ಕೇಳಿದರೆಂದು ಆಡುತ್ತೇನೆ. ಯಾರಿಗಾದರೂ ಅರ್ಥ ಗೊತ್ತಿದ್ದರೆ ಹೇಳಿ. ಕೆಟ್ಟದ್ದಾಗಿದ್ದರೆ ಹೇಳಬೇಡಿ.”

ಆಮೇಲೆ ಆಡಿದಳು. ಅರ್ಧ ರಾಗ, ಅರ್ಧ ಗೊಣಗು.

“ಬಂದೂರಾ ಕಾನೂ, ನಿಂದೂರಾ ಕಾನೂ, ಬಾಗ್ಲಾ ಕುಂದ್ರೂರಾ ಕಾನೂ...”

ಆಗಲೇ ನಾನು ಎದ್ದು ನಿಂತದ್ದು.

ಬಂದೋರ ಕಣ್ಣು, ನಿಂದೋರ ಕಣ್ಣು, ಬಾಗಿಲಾಗ ಕುಂದ್ರೋರ ಕಣ್ಣು. ನಮ್ಮವ್ವ ನನ್ನ ತಲೆಯ ಮೇಲೆ ಅಂದದ್ದು. ನಾನು ಗಿರಿಜಾಳ ತಲೆಯ ಮೇಲೆ ಅಂದದ್ದು. ಏಳು ಸಮುದ್ರ ದಾಟಿ, ಕಬ್ಬಿನ ತೋಟದಲ್ಲಿ ಬಿದ್ದು ಎದ್ದು, ನಾಲಿಗೆ ಸವೆದು, ಸ್ವರ ಬದಲಾಗಿ, ಹೂಸ್ಟನ್ನಿನ ಪರದೆಯ ಮೇಲೆ ಬಂದು ನಿಂತಿತ್ತು. ನನಗಿಂತ ಹತ್ತೊಂಬತ್ತು ವರ್ಷ ಹಿರಿಯ, ಕನ್ನಡ ಎಂಬ ಹೆಸರನ್ನೇ ಕೇಳಿರದ ಹೆಂಗಸಿನ ಬಾಯಲ್ಲಿ.

(ಕಣ್ಣು ಎಂಬ ಮಾತು ತಮಿಳರಿಗೂ ಇದೆ, ತೆಲುಗರಿಗೂ ಇದೆ ಎಂದು ನೀವು ಪತ್ರ ಬರೆಯುತ್ತೀರಿ, ಗೊತ್ತು. ಆದರೆ ಕೊನೆಯಲ್ಲಿ ಆಕೆ “ಹೆತ್ತಾಕೀ ಕಾನೂ, ಸುಟ್ಟೋಗ್ಲೀ” ಎಂದಳು. ಹೆತ್ತಾಕಿ ಎಂದು ನಮ್ಮ ಸೀಮೆ ಬಿಟ್ಟು ಇನ್ನೆಲ್ಲಿ ಅನ್ನುತ್ತಾರೆ? ಆ ಕಾಲಕ್ಕೆ ಬಳ್ಳಾರಿ ಕಡೆಯೆಲ್ಲ ಮದ್ರಾಸಿಗೇ ಸೇರಿತ್ತು ಎಂದು ಅಳಿಯಂದಿರು ಆಮೇಲೆ ಹೇಳಿದರು.)

ಪರದೆ ಕಪ್ಪಾಯಿತು. ಅದರ ಮೇಲೆ ಬಿಳಿ ಅಕ್ಷರ ಬಂತು. ಗುಡಿಯ ಪೂಜಾರಿಗಳನ್ನು ಕೇಳಿದೆವು, ಇದು ಸಂಸ್ಕೃತವಲ್ಲ ಎಂದರು. ಹಿಂದಿ ಟೀಚರನ್ನು ಕೇಳಿದೆವು, ಹಿಂದಿಯಲ್ಲ ಎಂದರು. ಗ್ರ್ಯಾನಿಯ ಮಾತಿನ ಅರ್ಥ ಯಾರಿಗೂ ಗೊತ್ತಿಲ್ಲ.

ದೀಪ ಹತ್ತಿತು. ಚಪ್ಪಾಳೆ. ಹುಡುಗಿಯರಿಬ್ಬರೂ ವೇದಿಕೆ ಹತ್ತಿದರು. ಎಲ್ಲರೂ ಕೂತಿದ್ದರು, ನಾನೊಬ್ಬಳು ನಿಂತಿದ್ದೆ. ಪ್ರಶ್ನೆ ಇದೆಯೆಂದು ತಿಳಿದು ನಿರೂಪಕಿ ನನ್ನ ಕೈಗೆ ಮೈಕು ಕೊಟ್ಟಳು.

ಮೈಕಿನಲ್ಲಿ ನಾನು ಯಾವತ್ತೂ ಮಾತಾಡಿದವಳಲ್ಲ. ಇಂಗ್ಲಿಷಂತೂ ಇಲ್ಲ.

“ತನೂ,” ಎಂದೆ. ನನ್ನ ದನಿ ಇಡೀ ಹಾಲ್‌ನಲ್ಲಿ ಕೇಳಿ ನಾನೇ ಹೆದರಿದೆ. “ಅದು ನಮ್ಮ ಮಾತು.”

“ವಾಟ್?”

“ಕನ್ನಡ ಅದು. ನನಗ ಅರ್ಥ ಆಗ್ತದ.”

ತನ್ವಿಯ ಮುಖ ನೋಡಬೇಕಿತ್ತು. “ಅಜ್ಜಿ, ಆರ್ ಯು ಶೂರ್?”

“ನಿಮ್ಮವ್ವನ ಕೇಳು.”

ಗಿರಿಜಾ ತಲೆಯಾಡಿಸಲಿಲ್ಲ. ಬಾಯಿಗೆ ಸೆರಗಿಲ್ಲದ್ದರಿಂದ ಕೈ ಇಟ್ಟುಕೊಂಡು ಅಳುತ್ತಿದ್ದಳು. ಕಿವಿಯಲ್ಲಿ ಇಂಗ್ಲಿಷನ್ನು ಕನ್ನಡ ಮಾಡುವ ಗಡಿಬಿಡಿಯಲ್ಲಿ, ಪರದೆಯ ಮೇಲೆ ಬಂದದ್ದು ಕನ್ನಡವೆಂದು ಆಕೆಗೂ ತಡವಾಗಿ ಹೊಳೆದಿತ್ತು.

ಮುಂದಿನ ಸಾಲಿಗೆ ಹೋದೆ. ಗ್ರ್ಯಾನಿ ಡಾಲಿಯ ಗಾಲಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತೆ. ಶನೆಲ್ ಆಕೆಯ ಕಿವಿಯಲ್ಲಿ ಏನೋ ಹೇಳಿದಳು. ಗ್ರ್ಯಾನಿ ನನ್ನನ್ನು ನೋಡಿದ ರೀತಿ ಹೇಗಿತ್ತು ಗೊತ್ತೇ? ಡಾಕ್ಟರು ರಿಪೋರ್ಟಿನ ಲಕೋಟೆ ಒಡೆಯುವಾಗ ನಾವು ನೋಡುತ್ತೇವಲ್ಲ, ಹಾಗೆ.

ಒಂದೊಂದೇ ಮಾತು ಹೇಳುತ್ತ ಹೋದೆ. ತನ್ವಿ ವೇದಿಕೆಯಿಂದ ಇಳಿದು ಬಂದು ಪಕ್ಕದಲ್ಲಿ ಕೂತು ಇಂಗ್ಲಿಷ್ ಮಾಡಿದಳು. ಹುಟ್ಟಿದಾಗಿನಿಂದ ಅವಳು ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಬಂದವರ ಕಣ್ಣು. ನಿಂತವರ ಕಣ್ಣು. ಬಾಗಿಲಲ್ಲಿ ಕೂತವರ ಕಣ್ಣು. ಹಾದಿಯಲ್ಲಿ ಹೋಗುವವರ ಕಣ್ಣು. ಹೊಟ್ಟೆ ಉರಿಯುವವರ ಕಣ್ಣು. ಪ್ರತಿ ಮಾತಿಗೂ ಗ್ರ್ಯಾನಿ ಒಂದು ಬೆರಳು ಮಡಚುತ್ತಿದ್ದಳು.

ಐದಾಯಿತು. ನಾನು ನಿಲ್ಲಿಸಿದೆ.

ಯಾಕೆಂದರೆ ಆರನೆಯದು ಹೆತ್ತಾಕಿ ಕಣ್ಣು. ಹೆತ್ತವಳ ಕಣ್ಣು. ಕೂಸು ಕಳಕೊಂಡ ತಾಯಿಗೆ, ನಿನ್ನ ಕಣ್ಣೂ ಆ ಲೆಕ್ಕದಲ್ಲಿತ್ತು ಎಂದು ಹೇಗೆ ಹೇಳಲಿ? ಕೆಟ್ಟದ್ದಾಗಿದ್ದರೆ ಹೇಳಬೇಡಿ ಎಂದು ಆಕೆಯೇ ಕೈಮುಗಿದ ಹಾಗೆ ಹೇಳಿದ್ದಾಳೆ. ದೇವರ ಕಣ್ಣು ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆ ಹಾಲ್‌ನಲ್ಲಿ ನನ್ನ ಮಾತು ತಪ್ಪೆಂದು ಹಿಡಿಯುವವರು ನನ್ನ ಮನೆಯವರು ಮಾತ್ರ.

ಗ್ರ್ಯಾನಿ ಇನ್ನೊಂದು ಕೈಯ ಹೆಬ್ಬೆರಳು ಎತ್ತಿದಳು. “ವನ್ ಮೋರ್,” ಎಂದಳು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಖಾನಾವಳಿ ನಡೆಸಿದಷ್ಟು ವರ್ಷ ನಿನ್ನೆಯ ರೊಟ್ಟಿಯನ್ನು ಇವತ್ತಿನದೆಂದು ಬಡಿಸಿದವಳಲ್ಲ ನಾನು. ಹೇಳಿದೆ.

“ಹೆತ್ತಾಕಿ ಅಂದ್ರೆ?” ತನ್ವಿಗೆ ಗೊತ್ತಿಲ್ಲ.

“ಗಿರಿಜಾ ನಿನಗ ಏನು? ಹೆತ್ತಾಕಿ.”

ಅವಳಿಗೆ ತಿಳಿಯಿತು. ತಿಳಿದ ಕೂಡಲೇ ಮುಖ ಬಿಳಿಚಿತು. “ಅಜ್ಜಿ, ಐ ಕಾಂಟ್ ಸೇ ದಟ್ ಟು ಹರ್.”

“ಹೇಳು. ಜೋಡಿಗೆ ಇದನ್ನೂ ಹೇಳು. ಇದು ಬೈಗುಳ ಅಲ್ಲ. ಹೆತ್ತಾಕಿಗಿಂತ ಕಣ್ಣತುಂಬ ನೋಡೋರು ಯಾರದಾರ? ಅದಕ್ಕ ಆಕಿದೂ ಸೇರಸ್ತಾರ. ನಾನು ನಿಮ್ಮವ್ವನ ಮ್ಯಾಲೆ ಹಂಗ ಅಂದೀನಿ. ನಮ್ಮವ್ವ ನನ್ನ ಮ್ಯಾಲೆ ಅಂದಾಳ. ಜ್ವರದಿಂದ ಹೋದ ಕೂಸು ಜ್ವರದಿಂದಾನ ಹೋಗೇತಿ.”

ತನ್ವಿ ಹೇಳಿದಳು. ತಡೆದು ತಡೆದು, ಮಾತು ಆರಿಸಿ ಆರಿಸಿ. ನನಗೆ ಅವಳ ಇಂಗ್ಲಿಷ್ ತಿಳಿಯಲಿಲ್ಲ, ಆದರೆ ಅವಳ ದನಿ ತಿಳಿಯಿತು. ಅದು ದೊಡ್ಡವರ ದನಿ.

ಗ್ರ್ಯಾನಿ ಎತ್ತಿದ ಹೆಬ್ಬೆರಳನ್ನೂ ಮಡಚಿದಳು. ಆಮೇಲೆ ಏನೋ ಅಂದಳು. ಗಿರಿಜಾ ಹೇಳಿದಳು: “ನಾನು ಅವನನ್ನ ಭಾಳ ನೋಡ್ತಿದ್ದೆ. ಮಲಗಿದಾಗೂ ನೋಡ್ತಿದ್ದೆ, ಅಂತಾಳ.”

ಇನ್ನೊಂದು ಪ್ರಶ್ನೆ ಇತ್ತು ಆಕೆಗೆ. ಕೊನೆಯ ಮಾತು ಏನು? ಆ ಸುಟ್ಟೋಗ್ಲೀ?

“ಸುಟ್ಟು ಹೋಗಲಿ ಅಂತ.”

“ಬರ್ನ್,” ಎಂದಳು ತನ್ವಿ.

ಗ್ರ್ಯಾನಿಯ ಕೈ ನನ್ನ ಕೈಯಲ್ಲಿತ್ತು. ಅದು ಬಿಗಿಯಾಯಿತು. ಆಗ ಕೇಳಿದ ಮಾತು ನನಗೆ ಗಿರಿಜಾ ಹೇಳುವ ಮೊದಲೇ ಅರ್ಥವಾಯಿತು. ಯಾರು ಸುಟ್ಟು ಹೋಗಲಿ? ಹುಡುಗನೇ?

ಅರವತ್ತು ವರ್ಷದಿಂದ ಆಕೆ ಹೊತ್ತು ತಿರುಗಿದ್ದು ಇದನ್ನು ನೋಡಿ.

“ಇಲ್ಲಬೇ,” ಎಂದೆ. ತೊಂಬತ್ತೊಂದು ವರ್ಷದವಳಿಗೆ ಇಲ್ಲಬೇ ಎಂದೆ, ನಮ್ಮ ಓಣಿಯ ಗೆಳತಿಗೆ ಅಂದ ಹಾಗೆ. “ಹುಡುಗನ ಸುದ್ದೀನ ಇಲ್ಲ ಅದರಾಗ. ಅವನ ಸುತ್ತ ಇದ್ದ ನೆದರೆಲ್ಲಾ ಸುಟ್ಟು ಹೋಗಲಿ, ಅವನೊಬ್ಬ ಉಳೀಲಿ ಅಂತ.”

ತನ್ವಿ ಹೇಳಿ ಮುಗಿಸಿದಳು. ಗ್ರ್ಯಾನಿ ಹ್ಯಾಟು ತೆಗೆದು ತೊಡೆಯ ಮೇಲಿಟ್ಟಳು. “ನಾಟ್ ದ ಬಾಯ್,” ಎಂದಳು. ಇನ್ನೊಮ್ಮೆ ಪಕ್ಕದಲ್ಲಿದ್ದ ತನ್ನ ಮಗಳ ಕಡೆ ತಿರುಗಿ, “ನಾಟ್ ದ ಬಾಯ್.” ಆಮೇಲೆ ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ತನ್ನ ಹಣೆಯ ಬದಿಗೆ ಒತ್ತಿ ಲಟಿಕೆ ಮುರಿದಳು. ನನ್ನ ಕೆನ್ನೆಯನ್ನು ಹಾಗೆ ಸವರಿ ಲಟಿಕೆ ಮುರಿಯುವವರೆಲ್ಲ ಹೋಗಿ ಎಷ್ಟೋ ವರ್ಷವಾಗಿತ್ತು.

ಆಮೇಲೆ ಆದದ್ದನ್ನು ಬರೆಯಲು ಈ ಪುಟ ಸಾಲದು. ಡಾಮಿನೋ ಮುದುಕರು ಬಂದು ಕೈ ಕುಲುಕಿದರು. ಅಣ್ಣಿಗೇರಿ ಸಕ್ಕುಬಾಯಿ, ಅಂದರೆ ಶನೆಲ್‌ಳ ತಾಯಿ, ಬೆಲ್ಲ ಮರೆತ ಹೋಳಿಗೆಯನ್ನು ಡಬ್ಬಿ ತುಂಬಿ ಕೊಟ್ಟಳು. ನನ್ನ ಮೊಮ್ಮಗಳನ್ನು ಕಂಡ ಕಂಡವರು ತಬ್ಬಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಹುಡುಗಿಯರು ಸಿನಿಮಾದ ಕೊನೆ ಬದಲಿಸುತ್ತಿದ್ದಾರೆ. ಡಲ್ಲಾಸ್, ಆಸ್ಟಿನ್ನಿನಲ್ಲಿ ನೋಡುವವರಿಗೆ ಆ ಕಪ್ಪು ಪರದೆ ಇರುವುದಿಲ್ಲ. (ಅದರ ಬದಲು ನಾನಿದ್ದೇನೆ. ಇಳಕಲ್ ಸೀರೆಯಲ್ಲಿ. ಬಂದು ನೋಡಿ.)

ಆದರೆ ವಾಪಸು ಬರುವಾಗ ಕಾರಿನಲ್ಲಿ ತನ್ವಿ ಒಂದು ಮಾತು ಕೇಳಿದಳು. ಅವಳ ಮಟ್ಟಿಗೆ ಬಹಳ ಉದ್ದದ ಕನ್ನಡ ವಾಕ್ಯ ಅದು.

“ಅಜ್ಜಿ, ನಾವು ಸೋ ಮೆನಿ ಜನರನ್ನ ಕೇಳಿದ್ವಿ. ನೀನು ಮನೇಲೇ ಇದ್ದೆ. ಯಾಕೆ ಯಾವತ್ತೂ ಹೇಳಿಲ್ಲ?”

“ನೀ ಯಾಕ ನನ್ನ ಕೇಳಲಿಲ್ಲ?”

“ನಿಂಗೆ ಗೊತ್ತು ಅಂತ ನಂಗೆ ಹೇಗೆ ಗೊತ್ತಿರುತ್ತೆ? ಯು ನೆವರ್ ಸೇ ಎನಿಥಿಂಗ್ ಲೈಕ್ ದಟ್.”

ಎಲ್ಲಕ್ಕಿಂತ ದೊಡ್ಡ ಹೊಡೆತ ನನಗೆ ಅದು. ಭಾಷೆ ಗೊತ್ತಿಲ್ಲದ, ಮಗನನ್ನು ಕೊಂದ ಆರೋಪ ಹೊತ್ತ ಮುದುಕಿ ಆ ಮಾತನ್ನು ಅರವತ್ತು ವರ್ಷ ಒಳಗೇ ಜೋಪಾನ ಮಾಡಿದ್ದಳು. ಆಡಲು ಹೆದರಿದಳು, ಮರೆಯಲು ಬಿಡಲಿಲ್ಲ. ನನಗೇನಾಗಿತ್ತು? ಯಾರು ಏನು ಅಂದಿದ್ದರು? ಚಾವಣಿಯ ಒಂದು ಡಬ್ಬಿ ಕಿರುಚಿತು, ಅಷ್ಟಕ್ಕೇ ನಾನು ಕೈಯನ್ನೂ ಬಿಟ್ಟೆ, ಬಾಯನ್ನೂ ಬಿಟ್ಟೆ.

ಭಾನುವಾರ ಮುಂಜಾನೆ ಉಪ್ಪು ಮೆಣಸಿನಕಾಯಿ ತೆಗೆದೆ. ಅಷ್ಟು ಜನ ನೋಡಿದ್ದಾರೆ ನನ್ನ ಹುಡುಗಿಯನ್ನು, ಸುಮ್ಮನೆ ಬಿಡಲಾಗುತ್ತದೆಯೇ? ಗಿರಿಜಾ ಚಾವಣಿ ನೋಡಿದಳು. ನಾನೂ ನೋಡಿದೆ.

ಅಳಿಯಂದಿರು ಚಹಾ ಕುಡಿಯುತ್ತ, “ಹಿತ್ತಲದಾಗ ಗ್ರಿಲ್ ಐತಲ್ಲರೀ ಅತ್ತಿ” ಎಂದರು.

ಆ ಗ್ರಿಲ್ ಹತ್ತು ವರ್ಷದಿಂದ ಅಲ್ಲೇ ಇದೆ. ವಾರಕ್ಕೊಮ್ಮೆ ಅದರ ಮೇಲೆ ಮೆಕ್ಕೆತೆನೆ ಸುಡುತ್ತಾರೆ. ಒಬ್ಬರಿಗೂ ಹೊಳೆದಿರಲಿಲ್ಲ.

ತನ್ವಿಯನ್ನು ಹಿತ್ತಲಲ್ಲಿ ಕೂರಿಸಿ ಬಲದಿಂದ ಮೂರು, ಎಡದಿಂದ ಮೂರು ಇಳಿಸಿದೆ. ಎಲ್ಲರ ಕಣ್ಣಿನ ಹೆಸರೂ ಗಟ್ಟಿಯಾಗಿ ಹೇಳಿದೆ. ಹೆತ್ತಾಕಿ ಕಣ್ಣು ಎಂದಾಗ ಗಿರಿಜಾ ನಕ್ಕಳು. ಕೊನೆಗೆ ಅಜ್ಜಿ ಕಣ್ಣು ಎಂದು ನಾನೇ ಒಂದು ಸೇರಿಸಿದೆ, ಈ ವಾರ ಎಲ್ಲಕ್ಕಿಂತ ಕೆಟ್ಟ ನೆದರು ನನ್ನದೇ. ತನ್ವಿ ಫೋನಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೊಂಡು, “ಒನ್ಸ್ ಮೋರ್, ಅಜ್ಜಿ, ನಿಧಾನಕ್ಕೆ” ಎಂದಳು. ಗ್ರಿಲ್‌ನಿಂದ ಎದ್ದ ಹೊಗೆ ಫ್ರಿಸ್ಕೋದ ಆಕಾಶಕ್ಕೆ ಹೋಯಿತು. ಯಾವ ಲಾರಿಯೂ ಬರಲಿಲ್ಲ.

ಹತ್ತು ವರ್ಷದ ಹಿಂದೆ ಮಗಳು ಬೇಡ ಎಂದದ್ದು ಹೊಗೆಯನ್ನು. ಮಾತನ್ನು ಬೇಡ ಎಂದವರು ಯಾರು?